ಎಂಜಿನ್ ದೀಪ: ಬಿಡಿಭಾಗಕ್ಕೆ ಮುಂಚೆ ಕೋಡ್

ಪ್ರಶ್ನೆ: ಬಿನ್ನಿಪೇಟೆಯ ಓದುಗರೊಬ್ಬರ 2016ರ ಪೆಟ್ರೋಲ್ ಕಾರಿನಲ್ಲಿ ಜೋರು ಮಳೆಯ ಮಾರನೆಯ ದಿನದಿಂದ ಹಳದಿ ಎಂಜಿನ್ ದೀಪ ಆರುತ್ತಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗುತ್ತದೆ. ಮನೆಯಲ್ಲೇ ಪತ್ತೆ ಮಾಡಬಹುದೇ?

ಉತ್ತರ: ಹಳದಿ ದೀಪ ಒಂದೇ ಸಮನೆ ಉರಿಯುತ್ತಿದ್ದರೆ ಪರೀಕ್ಷೆಗೆ ಸಮಯವಿದೆ. ಮಿನುಗುತ್ತಿದ್ದರೆ ಇಲ್ಲ, ಸುಡದ ಪೆಟ್ರೋಲ್ ಹೊಗೆಕೊಳವೆ ಸೇರಿ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಕೆಡಿಸುತ್ತದೆ, ಗಾಡಿ ನಿಲ್ಲಿಸಬೇಕು. ಆಯಿಲ್ ಅಥವಾ ಟೆಂಪರೇಚರ್‌ನ ಕೆಂಪು ದೀಪಕ್ಕೂ ಅದೇ ನಿಯಮ, ಅಲ್ಲಿ ಕೋಡ್ ಹುಡುಕುತ್ತ ಕೂರುವಂತಿಲ್ಲ.

2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ, ದೋಷವನ್ನು ಕೋಡ್ ಆಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ಅದರ 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗಿರುತ್ತದೆ. ಬ್ಲೂಟೂತ್ ರೀಡರ್ ಸಿಕ್ಕಿಸಿ ಇಗ್ನಿಷನ್ ಆನ್ ಮಾಡಿದರೆ ಮೊಬೈಲ್ ಆ್ಯಪ್‌ನಲ್ಲಿ ಕೋಡ್ ಕಾಣುತ್ತದೆ.

ಇಂಥ ನಡುಕಕ್ಕೆ ಬರಬಹುದಾದ ಕೋಡ್ ಪಿ0301, ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಸುಡದಿರುವುದು). ಅದು ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟಿದೆ ಎಂದು ಹೇಳುವುದಿಲ್ಲ; ಪ್ಲಗ್, ಇಂಜೆಕ್ಟರ್ ಯಾವುದೂ ಇರಬಹುದು. ಪ್ರತಿ ಪ್ಲಗ್‌ಗೂ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್ನಿನಲ್ಲಿ ಸುಲಭದ ಪರೀಕ್ಷೆಯಿದೆ. ಕೋಡ್ ಬರೆದಿಟ್ಟು ಅಳಿಸಿ, ಎಂಜಿನ್ ತಣ್ಣಗಾದ ಮೇಲೆ, ಇಗ್ನಿಷನ್ ಆಫ್ ಇರುವಾಗ, ಒಂದು ಮತ್ತು ಎರಡನೇ ಕಾಯಿಲ್‌ಗಳನ್ನು ಅದಲುಬದಲು ಮಾಡಬೇಕು. ಮುಂದೆ ಪಿ0302 ಬಂದರೆ ದೋಷ ಕಾಯಿಲ್‌ನದೇ. ಇದಾದ ಮೇಲಷ್ಟೇ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗುವುದು ಲಾಭ.

ದುರಸ್ತಿ ಮಾಡದೆ ಕೋಡ್ ಅಳಿಸಿದರೆ ದೀಪ ಮತ್ತೆ ಬರುತ್ತದೆ, ದೋಷ ಕಂಡ ಕ್ಷಣದ ದಾಖಲೆಯೂ ಹೋಗುತ್ತದೆ. ಕೋಡ್ ಒಂದನೇ ಸಿಲಿಂಡರಿನಲ್ಲೇ ಉಳಿದರೆ, ಅಥವಾ ಕಾರು ವಾರಂಟಿಯಲ್ಲಿದ್ದರೆ, ಕೈಹಾಕದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.