ಮರಳಿ ಬಂದ ಕಥೆ

ಕಥೆ ಬರೆಯುವ ಹವ್ಯಾಸವುಳ್ಳ ಹಳೆಯ ವಿದ್ಯಾರ್ಥಿಗಳು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಇಂದಿಗೂ ಇದ್ದಾರೆ. ಬ್ಯಾಂಕಿನ ನೌಕರಿಯ ನಡುವೆ, ಯಂತ್ರಮಗ್ಗದ ಪಾಳಿ ಮುಗಿದ ಮೇಲೆ, ಮನೆಗೆಲಸದ ಬಿಡುವಿನಲ್ಲಿ ಅವರು ಬರೆಯುತ್ತಾರೆ. ಬರೆದುದನ್ನು ಬೆಂಗಳೂರಿಗೋ ಹುಬ್ಬಳ್ಳಿಗೋ ಕಳುಹಿಸುತ್ತಾರೆ. ಒಂದೆರಡು ಸಲ ಅದು ಮರಳಿ ಬಂದರೆ ಬಹುಮಂದಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿರಾಶೆ ಎಲ್ಲ ಊರಿನ ಲೇಖಕರಿಗೂ ಸಮಾನವೇ. ಆದರೆ ಗಡಿಭಾಗದ ಲೇಖಕನ ನಿರಾಶೆಯಲ್ಲಿ ಒಂದು ವಿಶೇಷವುಂಟು. ಕಥೆ ಮರಳಿ ಬಂದಾಗ ಬೆಂಗಳೂರಿನವನು “ನನ್ನ ಕಥೆ ಚೆನ್ನಾಗಿಲ್ಲ” ಎಂದುಕೊಳ್ಳುತ್ತಾನೆ. ನಮ್ಮವನು “ನನ್ನ ಕನ್ನಡವೇ ಕನ್ನಡವಲ್ಲ” ಎಂದುಕೊಳ್ಳುತ್ತಾನೆ. ಮೊದಲನೆಯವನು ಇನ್ನೊಂದು ಕಥೆ ಬರೆಯುತ್ತಾನೆ. ಎರಡನೆಯವನು ಮರಾಠಿಯಲ್ಲಿ ಬರೆಯತೊಡಗುತ್ತಾನೆ, ಇಲ್ಲವೆ ಬರವಣಿಗೆಯನ್ನೇ ಬಿಡುತ್ತಾನೆ. ಮರಾಠಿಯಲ್ಲಿ ಬರೆಯುವುದು ದೋಷವೇನೂ ಅಲ್ಲ; ಅದು ನಾವು ನಿತ್ಯ ಬಾಳುವ ಭಾಷೆ. ಆದರೆ ಸಂಪಾದಕರು ಆಡದೇ ಇದ್ದ ಒಂದು ಮಾತನ್ನು ತಾನೇ ಊಹಿಸಿಕೊಂಡು ತಾಯ್ನುಡಿಯನ್ನು ಬಿಡುವುದು ಬೇರೆ. ಐವತ್ತು ವರ್ಷ ಇಲ್ಲಿ ಕನ್ನಡ ಅಕ್ಷರ ತಿದ್ದಿಸಿದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿಚಾರ ಮಾಡುವುದು ಅನುಚಿತವಾಗಲಾರದು.

ಮೊದಲು ಸರಳವಾದ ಒಂದು ಲೆಕ್ಕ. ಸಂಚಿಕೆಗೊಂದು ಕಥೆಯಂತೆ ಅಚ್ಚು ಹಾಕುವ ವಾರಪತ್ರಿಕೆಗೆ ವರ್ಷಕ್ಕೆ ಬೇಕಾಗುವುದು 52 ಕಥೆಗಳು. ತಿಂಗಳಿಗೆ ನಾಲ್ಕರಂತೆ ಪ್ರಕಟಿಸುವ ಮಾಸಪತ್ರಿಕೆಗೆ 48. ಇವುಗಳಲ್ಲಿ ಕೆಲವನ್ನು ಸಂಪಾದಕರು ಹೆಸರುವಾಸಿಯಾದ ಲೇಖಕರಿಂದ ತಾವಾಗಿ ಕೇಳಿ ಪಡೆಯುತ್ತಾರೆ. ಇಡೀ ಕರ್ನಾಟಕದಿಂದ, ಮುಂಬಯಿಯಿಂದ, ಕಾಸರಗೋಡಿನಿಂದ, ಪರದೇಶದ ಕನ್ನಡಿಗರಿಂದ ಬರುವ ಕಥೆಗಳೆಲ್ಲ ಉಳಿದ ಸ್ಥಳಕ್ಕಾಗಿ ಸ್ಪರ್ಧಿಸಬೇಕು. ಬಂದುದೆಲ್ಲವೂ ಉತ್ತಮವೇ ಆಗಿದ್ದರೂ ಬಹುಪಾಲನ್ನು ಹಿಂದಿರುಗಿಸುವುದು ಅನಿವಾರ್ಯ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳಲ್ಲಂತೂ ಬಹುಮಾನಗಳು ಕೈಬೆರಳೆಣಿಕೆಯವು. “ಸ್ಥಳಾಭಾವದಿಂದ ಪ್ರಕಟಿಸಲಾಗುತ್ತಿಲ್ಲ” ಎಂಬ ಒಂದು ಸಾಲಿನ ಪತ್ರವನ್ನು ಸೌಜನ್ಯದ ಸುಳ್ಳೆಂದು ನಾವು ಭಾವಿಸುತ್ತೇವೆ. ಎಷ್ಟೋ ವೇಳೆ ಅದು ಅಕ್ಷರಶಃ ಸತ್ಯವಾಗಿರುತ್ತದೆ. ಅದೇ ವಸ್ತುವಿನ ಕಥೆ ಹಿಂದಿನ ತಿಂಗಳೇ ಬಂದಿರಬಹುದು. ಪತ್ರಿಕೆಯ ಎರಡು ಪುಟಕ್ಕೆ ನಮ್ಮ ಕಥೆ ಒಂದೂವರೆ ಪುಟ ಹೆಚ್ಚಾಗಿರಬಹುದು. ಯುಗಾದಿಯ ಕಥೆ ಯುಗಾದಿಯ ವಾರದಲ್ಲಿ ಕೈಸೇರಿರಬಹುದು. ವಿಶೇಷಾಂಕಗಳ ಸಿದ್ಧತೆ ತಿಂಗಳುಗಟ್ಟಲೆ ಮುಂಚೆಯೇ ನಡೆಯುತ್ತದೆಂಬುದು ಹೊಸ ಲೇಖಕರಿಗೆ ತಿಳಿದಿರುವುದಿಲ್ಲ.

ದೂರದ ಊರಿನಿಂದ ಅಪರಿಚಿತ ಸಂಪಾದಕರಿಗೆ ಬರೆಯುವವನ ಕಷ್ಟವನ್ನು ಬಲ್ಲವರಲ್ಲಿ ಮೈಸೂರಿನ ಆರ್.ಕೆ. ನಾರಾಯಣರು ಪ್ರಮುಖರು. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಅದೂ ಕಾದಂಬರಿ. ಆದರೂ ಅವರ ಅನುಭವ ಇಲ್ಲಿ ಪ್ರಸ್ತುತವಾಗಿದೆ. ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಲಂಡನ್ನಿನ ಒಬ್ಬ ಪ್ರಕಾಶಕನಿಂದ ಇನ್ನೊಬ್ಬನಿಗೆ ಅಲೆದು ಎಲ್ಲ ಕಡೆಯಿಂದಲೂ ತಿರಸ್ಕೃತವಾಯಿತು. ಬೇಸತ್ತ ಅವರು, ಇಂಗ್ಲೆಂಡಿನಲ್ಲಿದ್ದ ಮಿತ್ರ ಪೂರ್ಣರಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡಬೇಕೆಂದು ಬರೆದರು. ಮಿತ್ರರು ಹಾಗೆ ಮಾಡಲಿಲ್ಲ. ಆಕ್ಸ್‌ಫರ್ಡಿನಲ್ಲಿದ್ದ ಗ್ರಹಾಂ ಗ್ರೀನ್ ಎಂಬ ಲೇಖಕರಿಗೆ ಅದನ್ನು ಓದಲು ಕೊಟ್ಟರು. ಗ್ರೀನರ ಶಿಫಾರಸಿನಿಂದ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂದು ಪ್ರಕಟಿಸಿತು. ಪುಸ್ತಕಕ್ಕೆ ಆ ಹೆಸರನ್ನು ಸೂಚಿಸಿದವರೂ ಗ್ರೀನರೇ.

ಈ ವೃತ್ತಾಂತವನ್ನು ಬಹಳ ಜನ ಇಲ್ಲಿಗೇ ಮುಗಿಸುತ್ತಾರೆ. ಮುಂದಿನ ಭಾಗವೇ ನನಗೆ ಹೆಚ್ಚು ಬೋಧಪ್ರದವಾಗಿ ತೋರುತ್ತದೆ. ಮೊದಲ ಪುಸ್ತಕ ಸರಿಯಾಗಿ ಮಾರಾಟವಾಗಲಿಲ್ಲವೆಂದು ಅದೇ ಸಂಸ್ಥೆ ಎರಡನೆಯದನ್ನು ಬೇಡವೆಂದಿತು. ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ 1937ರಲ್ಲಿ ನೆಲ್ಸನ್ ಸಂಸ್ಥೆಯಿಂದ ಬಂದಿತು. ‘ದಿ ಡಾರ್ಕ್ ರೂಮ್’ 1938ರಲ್ಲಿ ಮ್ಯಾಕ್‌ಮಿಲನ್‌ನಿಂದ. ‘ದಿ ಇಂಗ್ಲಿಷ್ ಟೀಚರ್’ 1945ರಲ್ಲಿ ಮತ್ತೊಂದು ಸಂಸ್ಥೆಯಿಂದ. ನಾಲ್ಕು ಪುಸ್ತಕಗಳಿಗೆ ನಾಲ್ವರು ಪ್ರಕಾಶಕರು. ಒಮ್ಮೆ ಅಂಗೀಕೃತನಾದರೆ ತಿರಸ್ಕಾರದ ಬಾಧೆ ತೀರಿತೆಂಬ ಭ್ರಮೆ ನಮ್ಮಲ್ಲಿ ಬಹಳವಾಗಿದೆ. ಮೊದಲ ಕಥೆ ಅಚ್ಚಾಗಿ ಎರಡನೆಯದು ಮರಳಿ ಬಂದಾಗ ಮನಸ್ಸಿಗಾಗುವ ಪೆಟ್ಟು, ಮೊದಲಿಗಿಂತ ತೀವ್ರವಾದದ್ದು. ನಾರಾಯಣರು ಹಸ್ತಪ್ರತಿಯನ್ನು ನೀರಿಗೆಸೆಯಲು ಹೇಳಿದ್ದರು, ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಇನ್ನು ಭಾಷೆಯ ಪ್ರಶ್ನೆ. ಕೊಲ್ಹಾಪುರದ ಕಡೆಯವರ ಕನ್ನಡಕ್ಕೆ ಬೆಂಗಳೂರಿನಲ್ಲಿ ಬೆಲೆಯಿಲ್ಲವೆಂಬ ಮಾತನ್ನು ಚರಿತ್ರೆ ಸಮರ್ಥಿಸುವುದಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಸೇವೆ ಸಲ್ಲಿಸಿದ ಮೂವರು, ಹತ್ತು ವರ್ಷಗಳ ಅವಧಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು: 1958ರಲ್ಲಿ ಬಳ್ಳಾರಿಯಲ್ಲಿ ವಿ.ಕೃ. ಗೋಕಾಕರು, 1961ರಲ್ಲಿ ಗದಗಿನಲ್ಲಿ ಕೆ.ಜಿ. ಕುಂದಣಗಾರರು, 1967ರಲ್ಲಿ ಶ್ರವಣಬೆಳಗೊಳದಲ್ಲಿ ಆ.ನೇ. ಉಪಾಧ್ಯೆಯವರು. ಇವರು ವಿದ್ವಾಂಸರು, ಕಥೆಗಾರರ ಮಾತು ಬೇರೆಯೆನ್ನಬಹುದು. ಹಾಗಾದರೆ ಶಾಂತಿನಾಥ ದೇಸಾಯಿಯವರನ್ನು ನೆನೆಯೋಣ. ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸುತ್ತ, ಇದೇ ಕೊಲ್ಹಾಪುರದಲ್ಲಿ ವಾಸವಾಗಿದ್ದು, ಅವರು ಕನ್ನಡದ ನವ್ಯ ಕಥೆಗಾರರ ಮುಂಚೂಣಿಯಲ್ಲಿದ್ದರು. ಅವರ ‘ಓಂ ಣಮೋ’ ಕಾದಂಬರಿಗೆ 2000ದಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಆಡುಮಾತಿನ ವಿಷಯದಲ್ಲಿ ನಿದರ್ಶನ ಇನ್ನೂ ಸಮೀಪದ್ದು. ಗಡಹಿಂಗ್ಲಜವನ್ನು ಮುಟ್ಟಿ ಹರಿಯುವ ಹಿರಣ್ಯಕೇಶಿ ಸಂಕೇಶ್ವರವನ್ನು ದಾಟಿ ಘಟಪ್ರಭೆಯನ್ನು ಸೇರುತ್ತದೆ. ಆ ಘಟಪ್ರಭೆಯ ಸೀಮೆಯ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ತಮ್ಮ ಹಳ್ಳಿಯ ಮಾತನ್ನೇ ಕಾವ್ಯಕ್ಕೂ ನಾಟಕಕ್ಕೂ ತಂದು 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರೂ, ಶೇಡಬಾಳದ ಮಿರ್ಜಿ ಅಣ್ಣಾರಾಯರೂ ಈ ಸೀಮೆಯವರೇ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಲ್ಲಿ ಉರ್ದು, ದಖನಿ, ಅರಬ್ಬಿ ಶಬ್ದಗಳು ಹಾಸುಹೊಕ್ಕಾಗಿವೆ. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದಾಗ ಆ ಶಬ್ದಗಳನ್ನು ಓರೆಯಕ್ಷರಗಳಲ್ಲಿ ಬೇರ್ಪಡಿಸದೆ, ಅಡಿಟಿಪ್ಪಣಿ ಹಚ್ಚದೆ ಹಾಗೆಯೇ ಉಳಿಸಿಕೊಂಡರು. 2025ರಲ್ಲಿ ಆ ಸಂಕಲನಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ಕಥಾಸಂಕಲನವೊಂದಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ನಮ್ಮ ಮನೆಗಳಲ್ಲಿ ಕನ್ನಡ ಮರಾಠಿಗಳು ಬೆರೆತಿರುವುದು ಕಥೆಗೆ ಕುಂದೆಂದು ಇನ್ನು ಯಾರು ಹೇಳಬೇಕು? ಇಂದು ಇಡೀ ಕರ್ನಾಟಕ ಬಳಸುವ ‘ಕಾಳಜಿ’ ಎಂಬ ಶಬ್ದವೇ ಮರಾಠಿಯಿಂದ ಬಂದದ್ದು.

ಹಾಗಾದರೆ ನಮ್ಮವರ ಕಥೆಗಳು ಮರಳಿ ಬರುವುದೇಕೆ? ಸ್ಥಳಾಭಾವವನ್ನು ಬದಿಗಿಟ್ಟರೆ, ಒಂದು ಕಾರಣ ಭಾಷೆಯ ಬಗೆಗಿನ ಈ ಅಂಜಿಕೆಯೇ ಎಂದು ನನ್ನ ಅಭಿಪ್ರಾಯ. ತನ್ನ ಕನ್ನಡ ಅಶುದ್ಧವೆಂದು ಅಂಜಿದವನು ಪಠ್ಯಪುಸ್ತಕದ ಕನ್ನಡವನ್ನು ಎರವಲು ತರುತ್ತಾನೆ. ಉದಾಹರಣೆಗೆ ಇಚಲಕರಂಜಿಯ ಮಗ್ಗದ ಕಾರ್ಮಿಕನ ಕಥೆಯೊಂದು ಹೀಗೆ ಪ್ರಾರಂಭವಾಗುತ್ತದೆಂದು ಭಾವಿಸೋಣ:

“ಅರುಣೋದಯವಾಗಿತ್ತು. ಪೂರ್ವ ದಿಗಂತದಲ್ಲಿ ಬಾಲಸೂರ್ಯನು ಹೊಂಗಿರಣಗಳನ್ನು ಚೆಲ್ಲುತ್ತಿದ್ದನು. ಪಕ್ಷಿಗಳ ಕಲರವವು ಕರ್ಣಾನಂದಕರವಾಗಿತ್ತು. ಇಂಥ ರಮ್ಯ ಪ್ರಭಾತದಲ್ಲಿ ಬಾಳಪ್ಪನು ಚಿಂತಾಮಗ್ನನಾಗಿ ಕುಳಿತಿದ್ದನು.”

ಇದರಲ್ಲಿ ವ್ಯಾಕರಣದೋಷ ಒಂದೂ ಇಲ್ಲ. ಬಾಳಪ್ಪನೂ ಇಲ್ಲ, ಇಚಲಕರಂಜಿಯೂ ಇಲ್ಲ. ಸಂಪಾದಕರು ಇಂಥ ಅರುಣೋದಯಗಳನ್ನು ಪ್ರತಿ ದಿನ ಓದಿರುತ್ತಾರೆ. ಅದೇ ಕಥೆಯನ್ನು ಹೀಗೆ ತೊಡಗಿದರೆ:

“ಮಗ್ಗ ನಿಂತು ಮೂರು ದಿವಸವಾಗಿತ್ತು. ‘ಇವತ್ತರೆ ಪಗಾರ ಕೊಟ್ರೇನೋ?’ ಎಂದು ಅವ್ವ ಒಳಗಿನಿಂದಲೇ ಕೇಳಿದಳು. ಬಾಳಪ್ಪ ಚಪ್ಪಲಿ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡ.”

ಚಿಂತೆಯೆಂಬ ಶಬ್ದವಿಲ್ಲದೆ ಚಿಂತೆ ಬಂದಿತು. ‘ಪಗಾರ’ ಎಂಬುದನ್ನು ‘ವೇತನ’ ಎಂದು ತಿದ್ದಿದ್ದರೆ ಅವ್ವ ಸುಳ್ಳಾಗುತ್ತಿದ್ದಳು. ಆದುದರಿಂದ ಕಥೆ ಮರಳಿ ಬಂದಾಗ ಅದರೊಳಗಿನ ಮರಾಠಿ ಶಬ್ದಗಳನ್ನು ಹುಡುಕಿ ಅಳಿಸುವುದು ರೋಗ ಒಂದು, ಔಷಧ ಇನ್ನೊಂದು ಎಂಬಂತೆ. ಬದಲಿಗೆ ಮೊದಲ ಪುಟದಲ್ಲಿ ನಿಜವಾದ ಕಥೆ ಯಾವ ವಾಕ್ಯದಿಂದ ಆರಂಭವಾಗುತ್ತದೆಂದು ನೋಡಬೇಕು. ಬಹುಶಃ ಅದು ಮೂರನೆಯ ಪ್ಯಾರಾದಲ್ಲಿ ಅಡಗಿರುತ್ತದೆ. ಕೊನೆಯ ಪ್ಯಾರಾ ಕಥೆಯ ನೀತಿಯನ್ನು ಬಿಡಿಸಿ ಹೇಳುತ್ತಿದ್ದರೆ ಅದನ್ನು ತೆಗೆದು ಓದಿ ನೋಡಬೇಕು.

ಆಡುಮಾತನ್ನು ಬಳಸುವವನಿಗೂ ಒಂದು ಹೊಣೆಯುಂಟು. ‘ಕೊಟ್ರೇನೋ’ ಎಂದು ಒಂದು ಪುಟದಲ್ಲಿ, ‘ಕೊಟ್ಟರೇನೋ’ ಎಂದು ಇನ್ನೊಂದರಲ್ಲಿ ಅದೇ ಪಾತ್ರ ಮಾತಾಡಿದರೆ ಅದನ್ನು ಅಜಾಗ್ರತೆಯೆಂದೇ ಸಂಪಾದಕರು ತಿಳಿಯುತ್ತಾರೆ. ಮಂಡ್ಯದ ಓದುಗನಿಗೆ ‘ಕಾಂಡಿ’ ಎಂದರೇನೆಂದು ಗೊತ್ತಿರಲಾರದು. ಅದಕ್ಕೆ ಅರ್ಥಕೋಶ ಜೋಡಿಸಬೇಕಿಲ್ಲ. “ಖಾಲಿಯಾದ ಕಾಂಡಿಯನ್ನು ತೆಗೆದು, ನೂಲು ಸುತ್ತಿದ ಇನ್ನೊಂದನ್ನು ಲಾಳಿಯೊಳಗೆ ಕೂರಿಸಿದ” ಎಂದರೆ ಕೆಲಸವೇ ಅರ್ಥವನ್ನು ಹೇಳುತ್ತದೆ.

ಸಂಪಾದಕರೇ ಸದಾ ಸರಿ ಎಂದು ಇದರಿಂದ ತಿಳಿಯಬಾರದು. ನೆರೆಯ ಮರಾಠಿಯ ಅನುಭವ ಇಲ್ಲಿ ಎರಡು ಬಗೆಯಾಗಿದೆ. ಮುಂಬಯಿಯ ‘ಸತ್ಯಕಥಾ’ ಮಾಸಿಕದ ಶ್ರೀ.ಪು. ಭಾಗವತ, ರಾಮ ಪಟವರ್ಧನ ಮೊದಲಾದವರು ಕಥೆಯನ್ನು ಹಿಂದಿರುಗಿಸುವಾಗ ಅದರ ಗುಣದೋಷಗಳನ್ನು ವಿವರಿಸಿ ಪತ್ರ ಬರೆಯುತ್ತಿದ್ದರು. ತಿದ್ದಿ ಕಳುಹಿಸಲು ಹೇಳುತ್ತಿದ್ದರು. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಿ.ಎ. ಕುಲಕರ್ಣಿಯವರು ಕನ್ನಡ ನಾಡಿನೊಳಗೆ ಕುಳಿತೇ ಮರಾಠಿಯ ಶ್ರೇಷ್ಠ ಕಥೆಗಾರರಾದರು, ಮತ್ತು ‘ಸತ್ಯಕಥಾ’ ಅವರ ಕಥೆಗಳಿಗೆ ಪ್ರಮುಖ ನೆಲೆಯಾಗಿತ್ತು. ಭಾಷೆಯ ರಾಜಧಾನಿಯಿಂದ ದೂರವಿರುವುದರಿಂದ ಕಥೆ ಸೊರಗಬೇಕಾಗಿಲ್ಲವೆಂಬುದಕ್ಕೆ ನಮ್ಮ ಸ್ಥಿತಿಯ ತಿರುವುಮುರುವಾದ ಅವರ ಬಾಳು ಸಾಕ್ಷಿ. ಆದರೆ ಅದೇ ಪತ್ರಿಕೆಯ ಅಭಿರುಚಿ ಸಂಕುಚಿತವೆಂದು, ತಮ್ಮ ಬದುಕಿಗೆ ಅಲ್ಲಿ ಸ್ಥಳವಿಲ್ಲವೆಂದು ಸಿಟ್ಟಾದ ರಾಜಾ ಢಾಲೆ ಮುಂತಾದ ತರುಣರು 1969ರಲ್ಲಿ ಅದರ ಪ್ರತಿಗಳನ್ನು ಬಹಿರಂಗವಾಗಿ ಸುಟ್ಟರು. ಸುಡುವುದನ್ನು ನಾನು ಒಪ್ಪಲಾರೆ. ಆದರೆ ಅವರು ಸುಟ್ಟು ಸುಮ್ಮನಾಗಲಿಲ್ಲ. ತಮ್ಮವೇ ಸಣ್ಣ ಪತ್ರಿಕೆಗಳನ್ನು ನಡೆಸಿದರು, ಮತ್ತು ಮರಾಠಿ ಸಾಹಿತ್ಯ ಮೊದಲಿನಂತೆ ಉಳಿಯಲಿಲ್ಲ. ಒಂದು ಪತ್ರಿಕೆಯ ‘ಬೇಡ’ ಒಂದು ಅಭಿರುಚಿಯ ‘ಬೇಡ’ ಮಾತ್ರ. ಬೇರೆ ಬೇರೆ ಧೋರಣೆಯ ನಾಲ್ಕೈದು ಪತ್ರಿಕೆಗಳು ಬೇಡವೆಂದಾಗ ಮಾತ್ರ ಕಥೆಯ ಕಡೆಗೆ ಸಂಶಯದಿಂದ ನೋಡುವುದು ಉಚಿತ.

ಹಿಂದೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಕಥೆಯ ಜೊತೆಗೆ ಇಡುತ್ತಿದ್ದೆವು. ತನ್ನದೇ ಹಸ್ತಾಕ್ಷರದ ಲಕೋಟೆ ಬಾಗಿಲಿಗೆ ಬಂದುದನ್ನು ಕಂಡರೆ ಒಳಗೇನಿದೆಯೆಂದು ಒಡೆಯದೆಯೇ ತಿಳಿಯುತ್ತಿತ್ತು. ಇಂದು ಕಥೆಯನ್ನು ಇ-ಮೇಲಿನಲ್ಲಿ ಕಳುಹಿಸುತ್ತಾರೆ. ಅನೇಕ ವೇಳೆ ಬರುವ ಉತ್ತರ ಮೌನ. ಮೌನವನ್ನು ಸಹಿಸುವುದು ಲಕೋಟೆಯನ್ನು ಸಹಿಸುವುದಕ್ಕಿಂತ ಕಠಿಣ, ಏಕೆಂದರೆ ಅದಕ್ಕೆ ತಾರೀಖು ಇಲ್ಲ. ಆ ತಾರೀಖನ್ನು ನಾವೇ ಹಾಕಿಕೊಳ್ಳಬೇಕು. ಪತ್ರಿಕೆ ತಾನೇ ಅವಧಿಯನ್ನು ತಿಳಿಸಿದ್ದರೆ ಅದೇ ಪ್ರಮಾಣ. ಇಲ್ಲದಿದ್ದರೆ ಮೂರು ತಿಂಗಳು ಕಾಯುವುದು, ಅನಂತರ ಒಂದು ಸಾಲಿನ ವಿನಯದ ವಿಚಾರಣೆ, ಹದಿನೈದು ದಿನದಲ್ಲಿ ಉತ್ತರವಿಲ್ಲದಿದ್ದರೆ ಹಿಂಪಡೆದಿರುವೆನೆಂದು ತಿಳಿಸಿ ಬೇರೆಡೆಗೆ ಕಳುಹಿಸುವುದು. ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸಲಾಗದು. ಎರಡೂ ಕಡೆ ಅಚ್ಚಾದರೆ ಎರಡೂ ಬಾಗಿಲು ಮುಚ್ಚುತ್ತವೆ. ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಥೆ ಇನ್ನೊಂದು ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದುಂಟು. ಹಾಗೆ ಯಾರೂ ಓದದೆಯೇ ತಿರಸ್ಕೃತವಾದ ಕಥೆಗಳೂ ಇರಬೇಕು. ಯೂನಿಕೋಡಿನಲ್ಲಿ ಕಳುಹಿಸಿದರೆ ಆ ಭಯವಿಲ್ಲ.

ಮರಳಿ ಬಂದ ಕಥೆಯನ್ನು ಅಂದೇ ತಿದ್ದಕೂಡದು. ಅಂದು ಕೈ ಕಠೋರವಾಗಿರುತ್ತದೆ. ಹದಿನೈದು ದಿನ ಬಿಟ್ಟು ಗಟ್ಟಿಯಾಗಿ ಓದಬೇಕು, ಸಾಧ್ಯವಿದ್ದರೆ ಇನ್ನೊಬ್ಬರ ಎದುರಿಗೆ. ನಾರಾಯಣರಿಗೆ ಪೂರ್ಣ ಇದ್ದಂತೆ ನಮ್ಮ ಮೂರು ಊರುಗಳಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬರಿದ್ದಾರೆ. ಅವರು ಪರಸ್ಪರ ಪರಿಚಿತರಲ್ಲ, ಅಷ್ಟೆ. ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು, ಗಡಹಿಂಗ್ಲಜದಿಂದ ಎರಡು ತಾಸು. ತಿಂಗಳ ಕೊನೆಯ ರವಿವಾರ ಶಾಲೆಯ ಒಂದು ಕೊಠಡಿ ತೆರೆದಿದ್ದರೆ, ಹಳೆಯ ವಿದ್ಯಾರ್ಥಿಗಳಲ್ಲಿ ಬರೆಯುವ ನಾಲ್ಕು ಮಂದಿ ತಮ್ಮ ಮರಳಿ ಬಂದ ಕಥೆಗಳನ್ನು ಹಿಡಿದುಕೊಂಡು ಅಲ್ಲಿ ಕೂಡಬಹುದು.