ಇಂಜಿನ್ ರೂಮಿನ ಬಿಸಿ ಮತ್ತು ಸ್ಟಿಯರಿಂಗ್ ಎಣ್ಣೆ



ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಈ ಸಮಯದಲ್ಲಿ ಬಲೆ ಸರಿಮಾಡುತ್ತೇವೆ, ಬೋಟಿಗೆ ಬಣ್ಣ ಬಳಿಯುತ್ತೇವೆ. ಇಂಜಿನ್ ರೂಮಿಗೆ ಇಳಿದು ನೋಡುವ ಕೆಲಸ ಮಾತ್ರ ಕೊನೆಯ ವಾರಕ್ಕೆ ಉಳಿಯುತ್ತದೆ. ಹಾಗಾಗಿ ಈ ಸಲದ ಪಾಠ ಆ ರೂಮಿನ ಬಿಸಿಯ ಬಗ್ಗೆ. ಅದರಲ್ಲೂ ಹೆಚ್ಚಿನವರು ಲೆಕ್ಕಕ್ಕೇ ಹಿಡಿಯದ ಪವರ್ ಸ್ಟಿಯರಿಂಗ್ ಎಣ್ಣೆಯ ಬಗ್ಗೆ.

ಡೀಸೆಲ್ ಸುಟ್ಟಾಗ ಬರುವ ಶಕ್ತಿಯಲ್ಲಿ ಮೂರನೇ ಒಂದು ಪಾಲು, ಹೆಚ್ಚೆಂದರೆ ಇನ್ನೂ ಸ್ವಲ್ಪ, ಬೋಟನ್ನು ತಳ್ಳಲಿಕ್ಕೆ ಸಿಗುತ್ತದೆ. ಉಳಿದದ್ದೆಲ್ಲ ಬಿಸಿ. ಹೆಚ್ಚಿನ ಬಿಸಿ ಹೊಗೆಯ ಜೊತೆ ಮತ್ತು ನೀರಿನ ಜೊತೆ ಹೊರಗೆ ಹೋಗುತ್ತದೆ, ಸ್ವಲ್ಪ ಇಂಜಿನ್ನಿನ ಮೈಯಿಂದ ರೂಮಿಗೇ ಇಳಿಯುತ್ತದೆ. ಲಾರಿಯಾದರೆ ಓಡುವಾಗ ಎದುರುಗಾಳಿ ಬಡಿದು ಪೈಪುಗಳು ತಂಪಾಗುತ್ತವೆ. ಬೋಟಿನ ಇಂಜಿನ್ ಮುಚ್ಚಿದ ಪೆಟ್ಟಿಗೆಯೊಳಗೆ ಇದ್ದ ಹಾಗೆ. ಕಡಲಲ್ಲಿ ಎಷ್ಟೇ ಗಾಳಿ ಬೀಸಲಿ, ಅದಕ್ಕೆ ತಾಗುವುದಿಲ್ಲ. ಅದಕ್ಕಾಗಿಯೇ ಬೋಟಿನಲ್ಲಿ ಸ್ಟಿಯರಿಂಗ್ ಎಣ್ಣೆಯನ್ನು ಸಮುದ್ರದ ನೀರಿನಿಂದ ತಂಪು ಮಾಡುವ ಸಣ್ಣ ಕೂಲರ್ ಇಡುತ್ತಾರೆ. ಅದು ಸೋರಿದಾಗ, "ಲಾರಿಗೆ ಇದು ಇಲ್ಲವಲ್ಲ, ಇಲ್ಲಿ ಯಾಕೆ?" ಅಂತ ಕಿತ್ತು ಹಾಕಿ, ಪೈಪನ್ನು ನೇರ ಜೋಡಿಸಬೇಡಿ.

ಚಕ್ರ ತಿರುಗಿಸುವ ಕೈಬಲದಿಂದಲೇ ಎಣ್ಣೆ ತಳ್ಳುವ ಸ್ಟಿಯರಿಂಗಿಗೆ ಈ ತೊಂದರೆ ಇಲ್ಲ. ಇಂಜಿನ್ ಬೆಲ್ಟಿನಿಂದ ಓಡುವ ಪಂಪಿನ ಕಥೆ ಬೇರೆ. ತಾಂಡೇಲ ಚಕ್ರ ಮುಟ್ಟದಿದ್ದರೂ ಅದರಲ್ಲಿ ಎಣ್ಣೆ ಸುತ್ತುತ್ತಲೇ ಇರುತ್ತದೆ. ಚಕ್ರವನ್ನು ಕೊನೆಯ ತನಕ ತಿರುಗಿಸಿ ಹಾಗೇ ಒತ್ತಿ ಹಿಡಿದರಂತೂ ಎಣ್ಣೆ ರಿಲೀಫ್ ವಾಲ್ವಿನಲ್ಲಿ ನುಗ್ಗಿ ಬೇಗ ಕಾಯುತ್ತದೆ. 80 ಡಿಗ್ರಿ ಸೆಲ್ಸಿಯಸ್ ದಾಟಿದ ಎಣ್ಣೆಯಲ್ಲಿ ದಿನವೂ ಓಡಿಸಿದರೆ ರಬ್ಬರ್ ಸೀಲುಗಳು ಗಟ್ಟಿಯಾಗಿ ಸೋರಲಿಕ್ಕೆ ಶುರು. ಎಣ್ಣೆ ತೆಳ್ಳಗಾಗಿ ಪಂಪ್ ಸವೆಯುತ್ತದೆ, ಮಟ್ಟ ಇಳಿದರೆ ಗಾಳಿ ಎಳೆದು ಕೂಗುತ್ತದೆ, ಚಕ್ರ ಭಾರವಾಗುತ್ತದೆ. ನಡುಕಡಲಲ್ಲಿ ಇದು ಬರೀ ಕಿರಿಕಿರಿ. ಅಳಿವೆ ಬಾಗಿಲಿನಲ್ಲಿ ಹಿಂದಿನಿಂದ ತೆರೆ ಎತ್ತುವಾಗ ಚುಕ್ಕಾಣಿ ತಡವಾಗಿ ತಿರುಗಿದರೆ ಬೋಟ್ ತೆರೆಗೆ ಅಡ್ಡ ಬೀಳುತ್ತದೆ. ಆಮೇಲೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಈ ಕೂಲರ್ ಅಂದರೆ ಒಂದು ಕೊಳವೆ, ಅದರೊಳಗೆ ಸಣ್ಣ ಸಣ್ಣ ನಳಿಗೆಗಳು. ನಳಿಗೆಯೊಳಗೆ ಸಮುದ್ರದ ನೀರು, ಹೊರಗೆ ಎಣ್ಣೆ. ಕೆಲವು ಸ್ಪೀಡ್ ಬೋಟುಗಳಲ್ಲಿ ಕಡಲಿನಿಂದ ಬರುವ ನೀರು ಇಂಜಿನ್ನಿಗೆ ಹೋಗುವ ಮೊದಲು ಇದರ ಮೂಲಕವೇ ಹಾದು ಹೋಗಬೇಕು. ಹಾಗಾಗಿ ಪಾಚಿ, ಪ್ಲಾಸ್ಟಿಕ್ ಚೂರು, ಚಿಪ್ಪು ಎಲ್ಲ ಬಂದು ನಿಲ್ಲುವುದು ಇದರ ಬಾಯಲ್ಲಿ. ಇಂಜಿನ್ ಬಿಸಿ ಆಗ್ತದೆ ಅಂತ ಥರ್ಮೋಸ್ಟಾಟ್ ಬದಲಾಯಿಸ್ತಾರೆ, ಪಂಪ್ ಬಿಚ್ತಾರೆ, ಕಡೆಗೆ ಹೆಡ್ಡಿಗೂ ಕೈ ಹಾಕ್ತಾರೆ. ಸಾವಿರಾರು ರೂಪಾಯಿ ಹೋದ ಮೇಲೆ ಗೊತ್ತಾಗುವುದು, ಕಸ ಇದ್ದದ್ದು ಕೂಲರಿನ ಬಾಯಲ್ಲಿ ಅಂತ! ನೀರಿನ ಪಂಪ್ ಕೂಲರಿಗಿಂತ ಮೊದಲು ಇರುವ ಬೋಟಿನಲ್ಲಿ ಇನ್ನೂ ಒಂದು ವಿಷಯ ಉಂಟು. ರಬ್ಬರ್ ಇಂಪೆಲ್ಲರ್ ಬದಲಾಯಿಸುವಾಗ ಹಳೆಯದರ ಎಲೆಗಳನ್ನು ಎಣಿಸಿ. ಒಂದು ಮುರಿದಿದ್ದರೆ ಆ ತುಂಡು ಕೈಗೆ ಸಿಗುವ ತನಕ ಕೆಲಸ ಮುಗಿಯಲಿಲ್ಲ ಅಂತಲೇ ತಿಳಿಯಿರಿ.

ಎಣ್ಣೆಯ ಬಣ್ಣವನ್ನೂ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅದು ಅತಿಯಾಗಿ ಕಾದಿದೆ. ಹಾಲು ಹಾಕಿದ ಚಾದ ಹಾಗೆ ಕಂಡರೆ ನೀರು ಸೇರಿದೆ, ಬಹುಶಃ ಕೂಲರಿನ ನಳಿಗೆ ತೂತಾಗಿದೆ. ಅಂಥ ಎಣ್ಣೆಯಲ್ಲಿ ಕಡಲಿಗೆ ಇಳಿಯಬಾರದು. ಎಷ್ಟು ಬಿಸಿ ಅಂತ ಅಳೆಯಲು ದೂರದಿಂದಲೇ ಹಿಡಿಯುವ ಥರ್ಮಾಮೀಟರ್ ಸಿಗುತ್ತದೆ. 2020ರಲ್ಲಿ ಎಲ್ಲರ ಹಣೆಗೆ ಹಿಡಿಯುತ್ತಿದ್ದದ್ದು ಇದಕ್ಕೆ ಆಗದು, ಯಂತ್ರಗಳಿಗೆ ಅಂತಲೇ ಬೇರೆ ಉಂಟು. ಸೋರುವ ಜಾಗವನ್ನು ಕೈಯಿಂದ ತಡಕಬೇಡಿ. ಒತ್ತಡದ ಎಣ್ಣೆ ಚರ್ಮದೊಳಗೆ ಹೋದರೆ ಬೆರಳೇ ಹೋಗಬಹುದು. ಒಂದು ರಟ್ಟಿನ ತುಂಡು ಹಿಡಿದು ನೋಡಿ.

ಇನ್ನು ರೂಮಿನ ಗಾಳಿ. 60 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು 9 ಶೇಕಡಾ ತೆಳು. ಇಂಜಿನ್ ಉಸಿರಾಡುವುದು ರೂಮಿನ ಗಾಳಿಯನ್ನೇ ಆದರೆ ಅದಕ್ಕೆ ಗಾಳಿ ಕಡಿಮೆ ಬಿದ್ದು ಕಪ್ಪು ಹೊಗೆ ಬರುತ್ತದೆ, ಡೀಸೆಲ್ ಖರ್ಚು ಹೆಚ್ಚುತ್ತದೆ. ತಂಪು ಗಾಳಿ ಕೆಳಗಿನಿಂದ ಒಳಗೆ ಬರಬೇಕು, ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗಬೇಕು. ನಾವೋ, ಗಾಳಿಕಿಂಡಿಯ ಮೇಲೆಯೇ ಬಲೆ ರಾಶಿ ಹಾಕಿ, ಒದ್ದೆ ಬಟ್ಟೆ ಒಣಗಿಸಿ, ಇಂಜಿನ್ ಬಿಸಿ ಅಂತ ಬೈಯುತ್ತೇವೆ.

ಬೆಂಕಿಯ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಎಣ್ಣೆ ತಾಗುವ ಸಾಧ್ಯತೆ ಇರುವ 220 ಡಿಗ್ರಿಗಿಂತ ಬಿಸಿಯಾದ ಭಾಗಗಳನ್ನು ಮುಚ್ಚಬೇಕು ಅಂತ ದೊಡ್ಡ ಹಡಗುಗಳಿಗೆ ಅಂತಾರಾಷ್ಟ್ರೀಯ ನಿಯಮ ಉಂಟು. ನಮ್ಮ ಬೋಟಿನ ಹೊಗೆ ಪೈಪೂ ಅಷ್ಟು ಬಿಸಿ ಆಗುತ್ತದೆ. ಅದಕ್ಕೆ ಗ್ಲಾಸ್ ಫೈಬರ್ ಬಟ್ಟೆ ಸುತ್ತಿ, ಕಲ್ನಾರಿನ ಹಗ್ಗ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದು. ಎಣ್ಣೆಯ ಹೋಸನ್ನು ಆ ಪೈಪಿನಿಂದ ದೂರ ಕಟ್ಟಿ. ಪೆಟ್ರೋಲ್ ಇಂಜಿನ್ ಒಳಗೇ ಇರುವ ಬೋಟಾದರೆ ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ ಓಡಿಸಲೇಬೇಕು.

ಧಕ್ಕೆಗೆ ಬಂದ ಕೂಡಲೇ ಇಂಜಿನ್ ಬಂದ್ ಮಾಡುವ ಅಭ್ಯಾಸವೂ ಒಳ್ಳೆಯದಲ್ಲ. ನೀರು ನಿಂತ ಮೇಲೆ ಕಬ್ಬಿಣದೊಳಗಿನ ಬಿಸಿಯೆಲ್ಲ ರೂಮಿಗೆ ಬರುತ್ತದೆ. ಐದು ನಿಮಿಷ ಸಣ್ಣಗೆ ಓಡಿಸಿ, ಮುಚ್ಚಳ ತೆರೆದಿಡಿ. ಆ ಬಿಸಿಗೆ ಯಾರೂ ಒಬ್ಬರೇ ಇಳಿಯಬೇಡಿ. ತಲೆ ತಿರುಗಿ ಬಿದ್ದರೆ ಮೇಲಿದ್ದವರಿಗೆ ಗೊತ್ತಾಗುವುದಿಲ್ಲ.

ಸಂಘದ ಸಭೆಯಲ್ಲಿ ಮಾತಾಡಲಿಕ್ಕೆ: ನಮ್ಮ ಬೋಟಿನ ಸ್ಟಿಯರಿಂಗ್ ಕೂಲರ್ ಎಲ್ಲಿದೆ, ಅದನ್ನು ಕಡೆಯ ಸಲ ಬಿಚ್ಚಿ ನೋಡಿದ್ದು ಯಾವಾಗ? ಪಂಪ್ ಕೈಕೊಟ್ಟರೆ ಚಕ್ರ ತಿರುಗಿಸುವ ಬದಲಿ ವ್ಯವಸ್ಥೆ ಏನು, ಅದನ್ನು ಮಾಡಲಿಕ್ಕೆ ತಾಂಡೇಲನನ್ನು ಬಿಟ್ಟು ಬೇರೆ ಯಾರಿಗೆ ಗೊತ್ತು?