ಫಂಡ್‌ನವರ ಸಾಲ ನಮ್ಮ ಫೌಂಡ್ರಿವರೆಗೂ ಬರುತ್ತದೆಯೇ?

ಪ್ರಶ್ನೆ: ನಮ್ಮದು ವರ್ಷಕ್ಕೆ ಸುಮಾರು 40 ಕೋಟಿ ವಹಿವಾಟಿನ ಫೌಂಡ್ರಿ. ಪಕ್ಕದ ಮಶೀನ್ ಶಾಪ್ ಮಾರಾಟಕ್ಕೆ ಬಂದಿದೆ, ಕೊಳ್ಳುವ ಮನಸ್ಸಿದೆ. ಬ್ಯಾಂಕಿನವರು ಹಿಂದೇಟು ಹಾಕುತ್ತಿದ್ದಾರೆ. 'ಪ್ರೈವೇಟ್ ಕ್ರೆಡಿಟ್ ತೆಗೆದುಕೊಳ್ಳಿ, ಈಗ ಎಐ ಬಂದಿದೆ, ವಾರದೊಳಗೆ ಡೀಲ್ ಮುಗಿಸಿಕೊಡುತ್ತೇನೆ' ಎನ್ನುತ್ತಾರೆ ಒಬ್ಬ ಸಲಹೆಗಾರರು. ನಂಬಬಹುದೇ?
– ಓದುಗರು, ಬೆಳಗಾವಿ

ಉತ್ತರ: ಎಐ ಬಗ್ಗೆ ಅವರು ಹೇಳಿದ್ದರಲ್ಲಿ ಅರ್ಧ ನಿಜ. ಸಾಲದ ವಿಷಯದಲ್ಲಿ ಅಷ್ಟನ್ನೂ ನಾನು ಒಪ್ಪಲಾರೆ.

ಪ್ರೈವೇಟ್ ಕ್ರೆಡಿಟ್ ಎಂದರೆ ಲೇವಾದೇವಿ ಅಂಗಡಿಯ ಹೊಸ ಹೆಸರು ಎಂದುಕೊಳ್ಳಬೇಡಿ. ನಮ್ಮಲ್ಲಿ ಇದು ಹೆಚ್ಚಾಗಿ ನಡೆಯುವುದು ಸೆಬಿಯ 2012ರ ನಿಯಮಗಳ ಪ್ರಕಾರ ನೋಂದಾಯಿಸಿಕೊಂಡ ಎಐಎಫ್ (ಪರ್ಯಾಯ ಹೂಡಿಕೆ) ಫಂಡ್‌ಗಳ ಮೂಲಕ. ಒಬ್ಬೊಬ್ಬರು ಕನಿಷ್ಠ 1 ಕೋಟಿ ಹಾಕಬಲ್ಲ ಉಳ್ಳವರ ದುಡ್ಡು ಅದು. ಠೇವಣಿದಾರರ ಹಣ ಅಲ್ಲವಾದ್ದರಿಂದ ಬ್ಯಾಂಕು ಮುಟ್ಟದ ಕಡೆಯೂ ಇವರು ಕೈ ಹಾಕುತ್ತಾರೆ. ಅದಕ್ಕೆ ತಕ್ಕ ಬೆಲೆಯನ್ನೂ ವಸೂಲು ಮಾಡುತ್ತಾರೆ. ಬಡ್ಡಿ ಶೇ 14ಕ್ಕಿಂತ ಮೇಲೆಯೇ ಇರುವುದು ಸಾಮಾನ್ಯ. ಜೊತೆಗೆ ಷೇರು ಅಡವು, ನಿಮ್ಮ ಸ್ವಂತ ಜಾಮೀನು, ತಮ್ಮನ್ನು ಕೇಳದೆ ಬೇರೆ ಸಾಲ ಎತ್ತಬಾರದೆಂಬ ಷರತ್ತು. ಅಮೆರಿಕದಲ್ಲಿ 2008ರ ಕುಸಿತದ ನಂತರ ಬ್ಯಾಂಕುಗಳು ಮಧ್ಯಮ ಗಾತ್ರದ ಕಂಪನಿಗಳಿಂದ ಹಿಂದೆ ಸರಿದಾಗ ಈ ಫಂಡ್‌ಗಳು ಬೆಳೆದವು. ಇಲ್ಲಿ ಅವಕ್ಕೆ ಧೈರ್ಯ ಬಂದದ್ದು 2016ರ ದಿವಾಳಿ ಸಂಹಿತೆಯಿಂದ.

ಹಾಗಿದ್ದರೂ ಅವು ನಿಮ್ಮಂಥವರ ಬಾಗಿಲಿಗೆ ಬರುವುದು ಕಡಿಮೆ. ಕಾರಣ ಸರಳ: 5 ಕೋಟಿ ಸಾಲವಾಗಲಿ, 100 ಕೋಟಿಯದಾಗಲಿ, ವಕೀಲರು, ಆಡಿಟರು, ಮೌಲ್ಯಮಾಪಕರು ಮಾಡಬೇಕಾದ ಪರಿಶೀಲನೆ ಹೆಚ್ಚುಕಡಿಮೆ ಒಂದೇ. ಸಣ್ಣ ಸಾಲದಲ್ಲಿ ಆ ಖರ್ಚು ಗಿಟ್ಟುವುದಿಲ್ಲ. ಎಐ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಕಿರಿಯ ಅಧಿಕಾರಿಗಳು ವಾರಗಟ್ಟಲೆ ಕೂತು ಓದುತ್ತಿದ್ದ ಕರಾರುಪತ್ರ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಅದು ಗಂಟೆಗಳಲ್ಲಿ ಜಾಲಾಡುತ್ತದೆ. ಜಿಎಸ್‌ಟಿಆರ್-1ಕ್ಕೂ 3ಬಿಗೂ ತಾಳೆಯಾಗದ ತಿಂಗಳು, ವಾಪಸಾದ ಚೆಕ್ಕು, ಮಾರ್ಚ್ 31ಕ್ಕೆ ಜಮೆಯಾಗಿ ಏಪ್ರಿಲ್ ಮೊದಲ ವಾರ ಅದೇ ಮನುಷ್ಯನಿಗೆ ಮರಳಿಹೋದ ದೊಡ್ಡ ಮೊತ್ತ, ಇಂಥವೆಲ್ಲ ಥಟ್ಟನೆ ಮೇಲೆ ಬರುತ್ತವೆ. (ಭಾವಮೈದುನನ ಖಾತೆಗೆ ಹೋದದ್ದು ಕೂಡ.) ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇರುವುದರಿಂದ ನೀವು ಒಪ್ಪಿಗೆ ಕೊಟ್ಟರೆ ಸಾಕು, ಖಾತೆಯ ವಿವರ ಬ್ಯಾಂಕಿನಿಂದ ನೇರ ಅವರಿಗೆ ಹೋಗುತ್ತದೆ. ಲೆಕ್ಕ ಚೊಕ್ಕವಾಗಿಟ್ಟವರಿಗೆ ಇದರಿಂದ ಅನುಕೂಲವೇ. ಅರ್ಧ ಲೆಕ್ಕ ಟ್ಯಾಲಿಯಲ್ಲಿ, ಇನ್ನರ್ಧ ಯಜಮಾನರ ತಲೆಯಲ್ಲಿ ಇರುವ ಕಡೆ ಯಾವ ಯಂತ್ರವೂ ಏನನ್ನೂ ಓದಲಾರದು.

ಕಾಗದ ಬೇಗ ಓದಿದ ಮಾತ್ರಕ್ಕೆ ಕಾಗದದಲ್ಲಿರುವುದು ನಿಜವಾಗುವುದಿಲ್ಲ. ಆಯಿಲ್ ಫಿಲ್ಟರ್, ವೈಪರ್ ಮುಂತಾದ ವಾಹನ ಬಿಡಿಭಾಗ ಮಾರುತ್ತಿದ್ದ ಅಮೆರಿಕದ ಫಸ್ಟ್ ಬ್ರಾಂಡ್ಸ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹೊಣೆ ಸಾವಿರ ಕೋಟಿ ಡಾಲರಿಗೂ ಹೆಚ್ಚು. ಒಂದೇ ಇನ್‌ವಾಯ್ಸ್ ತೋರಿಸಿ ಒಂದಕ್ಕಿಂತ ಹೆಚ್ಚು ಕಡೆ ಹಣ ಎತ್ತಲಾಗಿತ್ತೇ ಎಂಬ ತನಿಖೆ ಶುರುವಾಯಿತು. ಸಾಲ ಕೊಟ್ಟವರೇನು ಸಣ್ಣವರಲ್ಲ, ಸಾಫ್ಟ್‌ವೇರಿಗೆ ಅವರಲ್ಲಿ ಬರವೂ ಇರಲಿಲ್ಲ.

ನಿಮ್ಮ ವಿಚಾರದಲ್ಲೂ ಹಾಗೆಯೇ. ಎರಕದ ಕಸುಬಿನಲ್ಲಿ ಪ್ಯಾಟರ್ನ್‌ಗಳು ಎಷ್ಟೋ ಸಲ ಗಿರಾಕಿಯವೇ ಆಗಿರುತ್ತವೆಂದು ನಿಮಗೆ ನಾನು ಹೇಳಬೇಕಿಲ್ಲ. ಮಶೀನ್ ಶಾಪಿನ ಜಿಗ್, ಫಿಕ್ಸ್ಚರ್‌ಗಳ ಕಥೆಯೂ ಅಷ್ಟೇ. ಮಾಲೀಕರು ಬದಲಾದರೆಂದು ಗಿರಾಕಿ ಅವನ್ನು ಎತ್ತಿಕೊಂಡು ಹೋದರೆ ಆರ್ಡರೂ ಅವುಗಳ ಜೊತೆಗೇ ಹೋಯಿತು. ಯಾವುದು ಯಾರದ್ದೆಂದು ಶೆಡ್ಡಿನೊಳಗೆ ನಿಂತು, ಹಳೆಯ ಸೂಪರ್‌ವೈಸರನ್ನು ಮಾತಿಗೆಳೆದು ತಿಳಿಯಬೇಕು. ವಾರದೊಳಗೆ ಡೀಲ್ ಎನ್ನುವವರು ಆ ಶೆಡ್ಡಿಗೆ ಒಮ್ಮೆ ಬಂದಿದ್ದಾರೆಯೇ?

ನೀವು ಫಂಡ್ ಹುಡುಕುವ ಮೊದಲು ಎರಡು ದಾರಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು ಬ್ಯಾಂಕೇ. ಕಂಪನಿಯ ಷೇರು ಕೊಳ್ಳಲು ಸಾಲ ಕೊಡದಂತೆ ಬ್ಯಾಂಕುಗಳ ಮೇಲೆ ದಶಕಗಳಿಂದ ನಿರ್ಬಂಧವಿತ್ತು. ಅದನ್ನು ಸಡಿಲಿಸುವುದಾಗಿ ರಿಸರ್ವ್ ಬ್ಯಾಂಕ್ ಹೇಳಿದ್ದು 2025ರ ಅಕ್ಟೋಬರಿನಲ್ಲಿ. ಆದರೆ ನೀವು ಕೊಳ್ಳಬೇಕಾದದ್ದು ಷೇರನ್ನೇ ಏನು? ಶೆಡ್ಡು, ಲೇತ್‌, ಸಿಎನ್‌ಸಿಗಳನ್ನು ಆಸ್ತಿಯಾಗಿ ಕೊಂಡರೆ ಅದು ಮಾಮೂಲಿ ಟರ್ಮ್ ಲೋನ್. ಸಣ್ಣ ಉದ್ಯಮಗಳು ಅಡಮಾನವಿಲ್ಲದೆ ಪಡೆಯುವ ಬ್ಯಾಂಕ್ ಸಾಲಕ್ಕೆ ಸಿಗುವ ಸಿಜಿಟಿಎಂಎಸ್‌ಇ ಖಾತರಿಯ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿಗೆ ಏರಿದೆ. ನಿಮ್ಮ ವಹಿವಾಟಿಗೆ ಅದು ಅನ್ವಯಿಸಬಹುದು, ಮ್ಯಾನೇಜರನ್ನು ಹೆಸರು ಹೇಳಿಯೇ ಕೇಳಿ. ಎರಡನೆಯದು ಟ್ರೆಡ್ಸ್, ಬಾಕಿ ಬಿಲ್ಲುಗಳನ್ನು ನಗದು ಮಾಡಿಕೊಳ್ಳುವ ಆನ್‌ಲೈನ್ ವೇದಿಕೆ. 250 ಕೋಟಿ ವಹಿವಾಟು ಮೀರಿದ ಕಂಪನಿಗಳು ಅದರಲ್ಲಿ ನೋಂದಾಯಿಸಿಕೊಳ್ಳಲೇಬೇಕು. ನಿಮ್ಮ ದೊಡ್ಡ ಗಿರಾಕಿ ಅಲ್ಲಿ ಬಿಲ್ ಒಪ್ಪಿಕೊಂಡರೆ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡ ಬಾಕಿ ನಗದಾಗುತ್ತದೆ, ಆಮೇಲೆ ಗಿರಾಕಿ ಕೊಡದಿದ್ದರೂ ಆ ಹೊಣೆ ನಿಮ್ಮ ತಲೆಗೆ ಬರುವುದಿಲ್ಲ.

ಇಷ್ಟರ ಮೇಲೂ ಹಣ ಸಾಲದಿದ್ದರೆ ಫಂಡ್‌ನವರ ಬಳಿ ಹೋಗಿ, ತಪ್ಪೇನಿಲ್ಲ. ಆದರೆ ಸಲಹೆಗಾರರಿಗೆ ಮುಂಗಡ ಫೀ ಕೊಡುವ ಮುನ್ನ ಫಂಡ್‌ನ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ನೀವೇ ನೋಡಿ. ಟರ್ಮ್ ಶೀಟಿಗೆ ಸಹಿ ಹಾಕುವ ಮೊದಲು, ಅವಧಿಗೆ ಮುಂಚೆ ತೀರಿಸಿದರೆ ಎಷ್ಟು ದಂಡ ಎಂಬುದನ್ನು ಬರಹದಲ್ಲೇ ಪಡೆಯಿರಿ.